ಕ್ಯಾಂಡಲ್ ಎಣಿಸುವವರಿಗೆ ಒಂದು ಕಿವಿಮಾತು

ಯೂರೋ-ಡಾಲರ್ ಚಾರ್ಟ್ ತೆರೆದರೆ ಮೊದಲು ಕಾಣಬೇಕಾದದ್ದು ಬೆಲೆ. ನೀವೋ ಆರ್‌ಎಸ್‌ಐ, ಮೂರು ಬಗೆಯ ಮೂವಿಂಗ್ ಆವರೇಜ್, ಬೋಲಿಂಜರ್ ಬ್ಯಾಂಡ್ ಎಲ್ಲವನ್ನೂ ಹೇರಿ ಬೆಲೆಯನ್ನೇ ಮುಚ್ಚಿಬಿಟ್ಟಿದ್ದೀರಿ! ಇವೆಲ್ಲ ಅದೇ ಹಳೆಯ ಬೆಲೆಯಿಂದ ಲೆಕ್ಕ ಹಾಕಿದವು. ಎಲ್ಲವೂ ಒಂದೇ ಮಾತು ಹೇಳಿದವೆಂದು ಬೀಗಬೇಡಿ. ಎರಡನ್ನು ಇಟ್ಟುಕೊಂಡು ಉಳಿದವನ್ನು ತೆಗೆಯಿರಿ. ಆರ್‌ಎಸ್‌ಐ 70 ದಾಟಿದ ಕೂಡಲೇ ಮಾರಲು ಓಡಬೇಡಿ. ಜೋರಾದ ಏರಿಕೆಯಲ್ಲಿ ಅದು ದಿನಗಟ್ಟಲೆ ಮೇಲೆಯೇ ಕೂತಿರುತ್ತದೆ.

ಇನ್ನೊಂದು ಚಾಳಿ: ಮೊದಲು ಕೊಂಡುಬಿಡುವುದು, ಆಮೇಲೆ ಚಾರ್ಟಿನಲ್ಲಿ ಕಾರಣ ಹುಡುಕುವುದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕೊಳ್ಳುವ ಮುಂಚೆಯೇ ಕಾರಣವನ್ನೂ, ಯಾವ ಬೆಲೆಗೆ ಬಂದರೆ ನಿಮ್ಮ ಎಣಿಕೆ ತಪ್ಪೆಂದು ಒಪ್ಪಿಕೊಳ್ಳುತ್ತೀರಿ ಎಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಚಾರ್ಟಿನ ನಿಜವಾದ ಉಪಯೋಗ ಇರುವುದು ಅಲ್ಲೇ. ಆ ಬೆಲೆಗೆ ಸ್ಟಾಪ್‌ಲಾಸ್ ಹಾಕಿದ ಮೇಲೆ ಅದನ್ನು ಕೆಳಕೆಳಗೆ ಸರಿಸುತ್ತ ಕೂರಬೇಡಿ.

ಸ್ಟಾಪ್‌ಲಾಸ್ ಇದೆಯೆಂದು ಮೈಮರೆಯಲೂಬೇಡಿ. ಸ್ವಿಸ್ ಫ್ರಾಂಕ್ ಕಥೆ ಕೇಳಿ. ಒಂದು ಯೂರೋ 1.20 ಫ್ರಾಂಕಿಗಿಂತ ಕೆಳಗಿಳಿಯಲು ಬಿಡುವುದಿಲ್ಲವೆಂದು ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರಿನಲ್ಲಿ ಸಾರಿತು. ಚಾರ್ಟಿನಲ್ಲಿ ಅದಕ್ಕಿಂತ ಗಟ್ಟಿಯಾದ ಸಪೋರ್ಟ್ ಸಿಕ್ಕೀತೇ? ಜನ ಅದನ್ನೇ ನಂಬಿ, ಸಾಲದ ಬಲದಲ್ಲಿ ಯೂರೋ ಕೊಂಡರು. 2015ರ ಜನವರಿ 15ರಂದು ಬ್ಯಾಂಕು ಮುನ್ಸೂಚನೆಯಿಲ್ಲದೆ ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತಲೂ ಕೆಳಗೆ ಹೋಯಿತು. ನಡುವೆ ಕೊಳ್ಳುವವರೇ ಇರಲಿಲ್ಲ, ಸ್ಟಾಪ್‌ಲಾಸ್ ಆರ್ಡರುಗಳು ಎಲ್ಲೋ ತಳದಲ್ಲಿ ತೀರಿದವು. ಹಾಕಿದ ಹಣ ಹೋದದ್ದಲ್ಲದೆ ಬ್ರೋಕರಿಗೆ ತಿರುಗಿ ಕೊಡಬೇಕಾದವರೂ ಇದ್ದರು. ಆಲ್ಪಾರಿ ಎಂಬ ಬ್ರೋಕರ್ ಸಂಸ್ಥೆಯ ಬ್ರಿಟನ್ ಶಾಖೆ ಬಾಗಿಲು ಹಾಕಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಬಂತು?

ಹಾಗಾಗಿ ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಐವತ್ತು ಪಟ್ಟು ಲಿವರೇಜ್ ತೆಗೆದುಕೊಂಡರೆ ಬೆಲೆ ಶೇ. 2ರಷ್ಟು ಎದುರು ಸರಿದರೂ ನಿಮ್ಮ ಬಂಡವಾಳ ಪೂರ್ತಿ ಹೋಗುತ್ತದೆ. ಕೇಂದ್ರ ಬ್ಯಾಂಕುಗಳ ಸಭೆ ಯಾವತ್ತು ಎಂದು ನೋಡಿಟ್ಟುಕೊಳ್ಳಿ. ಅಮೆರಿಕದ ಉದ್ಯೋಗದ ಅಂಕಿಅಂಶ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಬರುತ್ತದೆ, ನಮ್ಮ ಗಡಿಯಾರದಲ್ಲಿ ಸಂಜೆ ಆರಕ್ಕೋ ಏಳಕ್ಕೋ. ಆ ಹೊತ್ತಿಗೆ ಹೊಸ ಆರ್ಡರ್ ಹಾಕದೆ ಕಾಫಿ ಕುಡಿಯಿರಿ.

ಕ್ಯಾಂಡಲ್ಲಿನ ಆಕಾರವನ್ನೂ ಅತಿಯಾಗಿ ನಂಬಬೇಡಿ. ಕರೆನ್ಸಿಗೆ ಒಂದೇ ಪೇಟೆಯೆಂಬುದಿಲ್ಲ. ದಿನ ಎಲ್ಲಿಗೆ ಮುಗಿಯಿತೆಂದು ಒಬ್ಬೊಬ್ಬ ಬ್ರೋಕರ್ ಒಂದೊಂದು ಗಂಟೆ ಹಿಡಿಯುತ್ತಾನೆ. ಇಲ್ಲಿ ಕಂಡ ಡೋಜಿ ಅಲ್ಲಿ ಇರುವುದೇ ಇಲ್ಲ.

ಇಷ್ಟೆಲ್ಲ ಕಲಿತು ಹಣವನ್ನು ಯಾವುದೋ ವಿದೇಶಿ ಆ್ಯಪ್‌ಗೆ ಸುರಿದೀರಿ, ಜೋಕೆ. ಭಾರತದಲ್ಲಿ ಇರುವವರು ಇಂಥ ವ್ಯವಹಾರವನ್ನು ಅನುಮತಿ ಪಡೆದ ಸಂಸ್ಥೆಗಳ ಜೊತೆ, ಎನ್‌ಎಸ್‌ಇಯಂಥ ಮಾನ್ಯತೆ ಪಡೆದ ಕಡೆಯಲ್ಲೇ ಮಾಡಬೇಕು. ರೂಪಾಯಿ ಸೇರಿದ ಜೋಡಿಗಳಿಗಂತೂ 2024ರ ಮೇಯಿಂದ ಆಮದು-ರಫ್ತಿನಂಥ ನಿಜವಾದ ವಿದೇಶಿ ಹಣದ ಬಾಬತ್ತು ಇರಲೇಬೇಕು. ಅನುಮತಿಯಿಲ್ಲದ ಆ್ಯಪ್‌ಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರಿಂದ ಪ್ರಕಟಿಸುತ್ತಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಅನುಮತಿ ಇದೆಯೆಂದಲ್ಲ. ಅನುಮತಿ ಪಡೆದವರ ಪಟ್ಟಿಯೂ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಇದೆ, ಅದರಲ್ಲಿ ಹೆಸರು ಸಿಕ್ಕ ಮೇಲೆಯೇ ಹಣ ಕಳಿಸಿ.