ದಾಳ ಹಾಕಿ ಅಳೆದ ಕಿರಣ

ಅರ್ಬುದದ ಗಡ್ಡೆಯೊಂದು ಬೆನ್ನುಹುರಿಯ ಪಕ್ಕದಲ್ಲಿಯೇ ಬೆಳೆದಿದೆಯೆಂದು ಭಾವಿಸೋಣ. ಕ್ಷ-ಕಿರಣದ ಪ್ರಮಾಣ ಕಡಿಮೆಯಾದರೆ ರೋಗ ಮರುಕಳಿಸೀತು. ಹುರಿಯ ಮೇಲೆ ಹೆಚ್ಚು ಬಿದ್ದರೆ ರೋಗಿಯ ಕಾಲುಗಳೇ ಸ್ವಾಧೀನ ತಪ್ಪಿಯಾವು. ವೈದ್ಯನಿಗೆ ಬೇಕಾದುದು ನಿಖರವಾದ ಲೆಕ್ಕ.

ಈ ಚಿಕಿತ್ಸೆಯ ಯಂತ್ರಕ್ಕೆ ರೇಖೀಯ ವೇಗೋತ್ಕರ್ಷಕವೆಂದು ಹೆಸರು. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಇಂತಹ ಯಂತ್ರದಿಂದ ಚಿಕಿತ್ಸೆ ಆರಂಭವಾಯಿತು. ಬೆಳಕಿನ ವೇಗವನ್ನು ಸಮೀಪಿಸಿದ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಲೋಹಕ್ಕೆ ಅಪ್ಪಳಿಸಿ ಕ್ಷ-ಕಿರಣಗಳನ್ನು ಹೊಮ್ಮಿಸುತ್ತವೆ. ಅವು ಬಾಣದಂತೆ ಹೋಗಿ ಗುರಿಯಲ್ಲಿಯೇ ನಿಲ್ಲುವಂತಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಆದರೆ, 1923ರಲ್ಲಿ ಆರ್ಥರ್ ಕಾಂಪ್ಟನ್ ವಿವರಿಸಿದಂತೆ, ಕಿರಣದ ಕಣವಾದ ಫೋಟಾನು ಎಲೆಕ್ಟ್ರಾನಿಗೆ ತಾಕಿ, ತನ್ನ ಶಕ್ತಿಯ ಒಂದು ಪಾಲನ್ನು ಅದಕ್ಕಿತ್ತು, ದಿಕ್ಕು ಬದಲಿಸಿ ಓಡುತ್ತದೆ. ಯಂತ್ರದ ಲೋಹದ ಭಾಗಗಳಲ್ಲಿಯೂ ರೋಗಿಯ ಶರೀರದಲ್ಲಿಯೂ ಇಂತಹ ಚದರಿಕೆ ನಡೆಯುವುದರಿಂದ, ಗುರಿಯಿಡದ ಅಂಗಕ್ಕೂ ಅಷ್ಟಿಷ್ಟು ಶಕ್ತಿ ಸೇರುತ್ತದೆ.

ಒಂದು ಫೋಟಾನು ಎಲ್ಲಿ ತಿರುಗುವುದೆಂದು ಯಾರೂ ಮುಂಚಿತವಾಗಿ ಹೇಳಲಾರರು. ತಿರುಗುವ ಸಂಭವವೆಷ್ಟೆಂದು ಮಾತ್ರ ಹೇಳಬಲ್ಲರು. ಈ ತೊಡಕಿಗೆ ದಾರಿ ದೊರೆತುದು ಇಸ್ಪೀಟಿನ ಎಲೆಗಳಿಂದ! 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾ ಉಲಾಮರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟಾಡುತ್ತಿದ್ದರು. ಗೆಲುವಿನ ಸಂಭವವನ್ನು ಗಣಿತದಿಂದ ಪಡೆಯಲು ಹೆಣಗಿ ಬೇಸತ್ತಾಗ, ನೂರು ಆಟ ಆಡಿ ಗೆಲುವುಗಳನ್ನು ಎಣಿಸಿದರೆ ಸಾಲದೆ ಎಂದು ಅವರಿಗೆ ಹೊಳೆಯಿತು. ಜಾನ್ ಫಾನ್ ನಾಯ್ಮನ್ನರೊಡನೆ ಸೇರಿ ಈ ಉಪಾಯವನ್ನು ನ್ಯೂಟ್ರಾನುಗಳ ಸಂಚಾರಕ್ಕೆ ಅನ್ವಯಿಸಿದರು. ಜೂಜಿನ ಮನೆಗೆ ಹೆಸರಾದ ಮಾಂಟೆ ಕಾರ್ಲೊ ಎಂಬ ಊರಿನ ಹೆಸರೇ ಈ ವಿಧಾನಕ್ಕೆ ಬಂದಿತು. ಅಣ್ವಸ್ತ್ರದ ಪ್ರಯೋಗಾಲಯದಲ್ಲಿ ಬೆಳೆದ ವಿದ್ಯೆ ಮುಂದೆ ರೋಗಿಯ ನೆರವಿಗೆ ಬಂದುದು ನೆಮ್ಮದಿಯ ಸಂಗತಿ.

ಗಣಕಯಂತ್ರವು ಒಂದು ಕಲ್ಪಿತ ಫೋಟಾನನ್ನು ಹೊರಡಿಸಿ, ದಾಳ ಹಾಕಿದಂತೆ ಒಂದು ಸಂಖ್ಯೆಯನ್ನು ಹೆಕ್ಕುತ್ತದೆ. ಅದು ಎಷ್ಟು ದೂರ ಸಾಗಿ ತಾಕುವುದೆಂಬುದು ಆ ಸಂಖ್ಯೆಯಿಂದ ತೀರ್ಮಾನವಾಗುತ್ತದೆ. ಯಾವ ಕೋನದಲ್ಲಿ ತಿರುಗುವುದೆಂಬುದು ಇನ್ನೊಂದರಿಂದ. ದಾಳವೇನೋ ಕುರುಡು, ಆದರೆ ಯಾವ ಮುಖ ಎಷ್ಟು ಸಲ ಬೀಳಬೇಕೆಂಬುದನ್ನು ಭೌತನಿಯಮಗಳು ಗೊತ್ತುಪಡಿಸಿರುತ್ತವೆ. ಮೂಳೆಗೆ ಒಂದು ಬಗೆ, ಗಾಳಿ ತುಂಬಿದ ಶ್ವಾಸಕೋಶಕ್ಕೆ ಇನ್ನೊಂದು ಬಗೆ. ಹೀಗೆ ಕೋಟ್ಯಂತರ ಫೋಟಾನುಗಳನ್ನೂ ಅವು ಚಿಮ್ಮಿಸಿದ ಎಲೆಕ್ಟ್ರಾನುಗಳನ್ನೂ ಹಿಂಬಾಲಿಸಿ, ಎಲ್ಲೆಲ್ಲಿ ಎಷ್ಟು ಶಕ್ತಿ ಉಳಿಯಿತೆಂದು ಯಂತ್ರ ಕೂಡಿಸುತ್ತದೆ. ಒಂದು ಕಿಲೋಗ್ರಾಂ ದ್ರವ್ಯಕ್ಕೆ ಒಂದು ಜೂಲ್ ಶಕ್ತಿ ಸೇರಿದರೆ ಆ ಪ್ರಮಾಣ ಒಂದು ಗ್ರೇ.

ಆದರೆ ಇದು ದುಬಾರಿಯ ದಾರಿ. ಲೆಕ್ಕದ ಅನಿಶ್ಚಿತತೆ ಅರ್ಧಕ್ಕಿಳಿಯಬೇಕಾದರೆ ಫೋಟಾನುಗಳು ನಾಲ್ಕು ಪಟ್ಟಾಗಬೇಕು. ಹತ್ತರಲ್ಲೊಂದಾಗಬೇಕಾದರೆ ನೂರು ಪಟ್ಟು! ಗಣಕಯಂತ್ರಗಳ ವೇಗ ಹೆಚ್ಚುವವರೆಗೆ ಆಸ್ಪತ್ರೆಗಳು ಕಾಯಬೇಕಾಯಿತು. ಇಂದಿಗೂ ಈ ಲೆಕ್ಕವನ್ನು ಹಾಗೆಯೇ ನಂಬುವುದಿಲ್ಲ. ನೀರು ತುಂಬಿದ ತೊಟ್ಟಿಯಲ್ಲಿ ಮಾಪಕವನ್ನಿಳಿಸಿ, ಅದರ ಮೇಲೆ ನಿಜವಾದ ಕಿರಣವನ್ನು ಹಾಯಿಸಿ, ಎರಡನ್ನೂ ಹೋಲಿಸಿ ನೋಡಿದ ಬಳಿಕವೇ ರೋಗಿಯ ಸರದಿ.