ತೂಗುಸೇತುವೆ

ಆಟಿ ತಿಂಗಳು. ಬಿಡದೆ ಸುರಿಯುವ ಮಳೆ. ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ. ಶಾಲೆ ಆಚೆ ದಡದಲ್ಲಿ. ಆಸ್ಪತ್ರೆಯೂ ಆಚೆ ದಡದಲ್ಲಿ. ದಾಟುವುದು ಹೇಗೆ?

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಸಣ್ಣ ತೋಡಿಗೆ ಅಡಿಕೆ ಮರದ ಪಾಲ ಹಾಕುತ್ತಾರೆ. ದೊಡ್ಡ ಹೊಳೆಗೆ ಪಾಲ ಸಾಲದು. ಹಿಂದೆ ಎಷ್ಟೋ ಊರುಗಳಿಗೆ ದೋಣಿಯೇ ಗತಿಯಾಗಿತ್ತು. ನೆರೆ ಬಂದರೆ ಅದೂ ಇಲ್ಲ.

ಸುಳ್ಯದ ಹತ್ತಿರ ಅರಂಬೂರು ಇದೆ. ಅಲ್ಲಿ ಪಯಸ್ವಿನಿ ಹೊಳೆ ಅಡ್ಡ. ಊರವರು ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರ ಹತ್ತಿರ ಹೋದರು. ಸೇತುವೆ ಮಾಡಿಕೊಡಿ ಅಂತ ಕೇಳಿದರು. ತಾವೂ ಕೈಜೋಡಿಸಿದರು. 1989ರಲ್ಲಿ ತೂಗುಸೇತುವೆ ಎದ್ದು ನಿಂತಿತು. ಮುಂದೆ ಭಾರದ್ವಾಜರು ಹಲವು ರಾಜ್ಯಗಳಲ್ಲಿ 100ಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇದು ನಿಲ್ಲುವುದು ಹೇಗೆ? ಕಲ್ಲಿನ ಕಮಾನು ಸೇತುವೆಯಲ್ಲಿ ಕಲ್ಲು ಕಲ್ಲನ್ನು ಒತ್ತಿ ಹಿಡಿಯುತ್ತದೆ. ತೂಗುಸೇತುವೆ ಹಾಗಲ್ಲ. ಬಟ್ಟೆ ಒಣಗಿಸುವ ಹಗ್ಗ ನೋಡಿ. ಬಟ್ಟೆಯ ಭಾರ ಹಗ್ಗವನ್ನು ಎಳೆಯುತ್ತದೆ. ಇಲ್ಲೂ ಹಾಗೆಯೇ. ಎರಡೂ ದಡದಲ್ಲಿ ಎತ್ತರದ ಕಂಬ. ಅದರ ಮೇಲೆ ಉಕ್ಕಿನ ಹಗ್ಗ. ಹಗ್ಗದ ತುದಿಯನ್ನು ನೆಲದೊಳಗೆ ಕಾಂಕ್ರೀಟಿನಲ್ಲಿ ಬಿಗಿಯುತ್ತಾರೆ. ನಡೆಯುವ ದಾರಿ ಹಗ್ಗದಿಂದ ತೂಗುತ್ತದೆ. ನೀರಿನ ನಡುವೆ ಕಂಬ ಬೇಡ. ನೆರೆಯಲ್ಲಿ ತೇಲಿ ಬರುವ ಮರ ಕಂಬಕ್ಕೆ ಬಡಿಯುವ ಭಯವಿಲ್ಲ.

ಆದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಗುಜರಾತಿನ ಮೋರ್ಬಿಯಲ್ಲಿ 2022ರಲ್ಲಿ ತೂಗುಸೇತುವೆ ಹರಿದು ಬಿತ್ತು. ಹಗ್ಗದ ಎಳೆಗಳಿಗೆ ತುಕ್ಕು ಹಿಡಿದಿತ್ತು. ಜನ ಮಿತಿಮೀರಿ ತುಂಬಿದ್ದರು. 130ಕ್ಕೂ ಹೆಚ್ಚು ಮಂದಿ ಸತ್ತರು.

ಕಟ್ಟಿದರೆ ಸಾಲದು, ನೋಡಿಕೊಳ್ಳಬೇಕು. ದಿನಾ ಸೇತುವೆ ದಾಟುವವರು ನಾವೇ. ಎಲ್ಲಿ ತುಕ್ಕು, ಯಾವ ಹಲಗೆ ಸಡಿಲ ಅಂತ ಮೊದಲು ಕಾಣುವುದೂ ನಮಗೇ. ಸೇತುವೆಯ ಬಳಿ ಬೋರ್ಡು ಇದ್ದರೆ ಓದಿ. ಒಮ್ಮೆಗೆ ಎಷ್ಟು ಜನ ಅಂತ ಬರೆದಿದ್ದರೆ ಅಷ್ಟೇ ಜನ ದಾಟಿ. ಮಕ್ಕಳು ಕುಣಿದು ತೂಗಾಡಿಸದಂತೆ ನೋಡಿಕೊಳ್ಳಿ.

ಕೆಟ್ಟದ್ದು ಕಂಡರೆ ಬಾಯಿಮಾತಲ್ಲಿ ಬಿಡಬೇಡಿ. ಈಗ ನಮಗೆ ಬರೆಯಲು ಬರುತ್ತದಲ್ಲ! ಅರ್ಜಿ ಹೀಗಿರಲಿ:

ಪಂಚಾಯತ್ ಅಧ್ಯಕ್ಷರಿಗೆ,
ನಮ್ಮ ಊರಿನ ತೂಗುಸೇತುವೆಯ 3 ಹಲಗೆ ಮುರಿದಿವೆ. ಮಕ್ಕಳು ದಿನಾ ದಾಟುತ್ತಾರೆ. ಮಳೆಗಾಲದ ಮೊದಲು ಸರಿಮಾಡಿಸಿ.

ಕೆಳಗೆ ತಾರೀಕು ಹಾಕಿ. ಹತ್ತು ಮಂದಿ ಸೇರಿ ಸಹಿ ಹಾಕಿ. ಒಂದು ಪ್ರತಿ ನಿಮ್ಮಲ್ಲೇ ಇಟ್ಟುಕೊಳ್ಳಿ.

ಉತ್ತರ ಬರೆಯಿರಿ
1. ಅರಂಬೂರಿನಲ್ಲಿ ಹರಿಯುವ ಹೊಳೆ ಯಾವುದು?
2. ತೂಗುಸೇತುವೆಗೆ ನೀರಿನ ನಡುವೆ ಕಂಬ ಏಕೆ ಬೇಡ?
3. ನಿಮ್ಮ ಊರಿನ ಸೇತುವೆ ಅಥವಾ ಪಾಲ ಹೇಗಿದೆ? ನೋಡಿ ಬಂದು ನಾಲ್ಕು ಸಾಲು ಬರೆಯಿರಿ.