ಪಾತ್ರ ಸತ್ತಿತೇ, ಬೇಸರ ತಂದಿತೇ? ಹೊಸ ಕ್ಲಾಸ್ ಆರಿಸುವುದು ಹೀಗೆ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುವವರಿಗೆ ಇವತ್ತಲ್ಲ ನಾಳೆ ಈ ಪ್ರಶ್ನೆ ಎದುರಾಗುತ್ತದೆ. ಪಾತ್ರ ಸತ್ತಿರುತ್ತದೆ, ಇಲ್ಲವೇ ತಿಂಗಳುಗಟ್ಟಲೆ ಒಂದೇ ಕತ್ತಿ ಬೀಸಿ ಬೀಸಿ ಸಾಕಾಗಿರುತ್ತದೆ. ಮುಂದಿನ ಭಾನುವಾರಕ್ಕೆ ಯಾವ ಕ್ಲಾಸ್? 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್. ಈಗಿನ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ 12 ಇವೆ, ಗೊಂದಲ ಸಹಜ.

ಬೆಂಗಳೂರಿನ ಸಿಂಗಾಪುರದ ನಮ್ಮ ಮನೆಯ ಮೇಜಿನಲ್ಲಿ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಆಗಿ ಕೂರುವ ನಾನು ಕಂಡಂತೆ, ಬಹಳ ಜನ ‘ಪಾರ್ಟಿಗೆ ಏನು ಕಡಿಮೆ’ ಎಂದೇ ಹುಡುಕಲು ಶುರು ಮಾಡುತ್ತಾರೆ. ಗಾಯ ವಾಸಿ ಮಾಡುವವರು ಯಾರೂ ಇಲ್ಲವೆಂದು ಮನಸ್ಸಿಲ್ಲದೆ ಕ್ಲೆರಿಕ್ ಆದವರು ಮೂರನೇ ವಾರಕ್ಕೆ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಮೊದಲು ನಿಮ್ಮ ಇಷ್ಟ, ಪಾರ್ಟಿಯ ಅಗತ್ಯ ಆಮೇಲೆ.

ಹಾಗಾಗಿ ಮೊದಲ ಕೆಲಸ, ಬೇಸರ ಎಲ್ಲಿಂದ ಬಂತೆಂದು ಗುರುತಿಸುವುದು. ಪಾತ್ರದ ಕತೆಯೇ ಹಳಸಿದ್ದರೆ ಕ್ಲಾಸ್ ಬದಲಿಸಿ ಪ್ರಯೋಜನವಿಲ್ಲ. ಅವನಿಗೊಬ್ಬ ಶತ್ರುವನ್ನೋ ಹಳೆಯ ಸಾಲವನ್ನೋ ಕೊಡಿ ಎಂದು ಡಿಎಂಗೆ ಹೇಳಿದರೆ ಸಾಕು.

ಬೇಸರ ಆಟದ ರೀತಿಯದೇ ಆಗಿದ್ದರೆ, ಹೊಸ ಕ್ಲಾಸ್‌ನ ಒಂದು ಸರದಿಯನ್ನು ಕಣ್ಣೆದುರು ತಂದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಐದನೇ ಲೆವೆಲ್‌ನ ಫೈಟರ್‌ಗೆ ಸರದಿ ಬಂದರೆ ಎರಡು ಏಟು. ಇಪ್ಪತ್ತು ಮುಖದ ಡೈಸ್ ಎರಡು ಸಲ ಉರುಳಿಸಿ, ತಗುಲಿದ್ದಕ್ಕೆ ಡ್ಯಾಮೇಜ್ ಎಣಿಸಿದರೆ ಮುಗಿಯಿತು. ಅದೇ ಲೆವೆಲ್‌ನ ವಿಝರ್ಡ್‌ಗೆ ಫೈರ್‌ಬಾಲ್ ಸಿಗುತ್ತದೆ. ಆರು ಮುಖದ ಎಂಟು ಡೈಸ್ ಒಟ್ಟಿಗೆ ಉರುಳುವ ಸದ್ದಿಗೇ ಕೆಲವರು ವಿಝರ್ಡ್ ಆಗುತ್ತಾರೆ! ಆದರೆ ಬೆಂಕಿ ಬಿದ್ದ ಜಾಗದ ಸುತ್ತ 20 ಅಡಿಯೊಳಗೆ ನಿಂತ ಗೆಳೆಯರೂ ಸುಡುತ್ತಾರೆ, ಅಷ್ಟು ದೊಡ್ಡ ಸ್ಪೆಲ್‌ಗೆ ಇರುವುದೂ ಎರಡೇ ಸ್ಲಾಟ್. ಬೇರೆಯವರ ಸರದಿ ನಡೆಯುವಾಗಲೇ ಲೆಕ್ಕ ಹಾಕಿಟ್ಟುಕೊಳ್ಳುವ ತಾಳ್ಮೆ ಇರುವವರಿಗೆ ಅದು ಸರಿ. ರೋಗ್ ಹೊಡೆಯುವುದು ಒಂದೇ ಏಟು. ಎಲ್ಲಿ ನಿಂತು ಹೊಡೆದರೆ ಸ್ನೀಕ್ ಅಟ್ಯಾಕ್‌ನ ಮೂರು ಹೆಚ್ಚುವರಿ ಡೈಸ್ ಸಿಗುತ್ತವೆ ಎಂಬುದರಲ್ಲೇ ಅವನ ಆಟವೆಲ್ಲ ಇದೆ. ಬಾರ್ಡ್ ತನ್ನ ಡೈಸನ್ನು ಗೆಳೆಯನಿಗೆ ಕೊಟ್ಟು ಅವನನ್ನು ಗೆಲ್ಲಿಸುತ್ತಾನೆ. ಇನ್ನೊಬ್ಬರ ಗೆಲುವಿಗೆ ಚಪ್ಪಾಳೆ ತಟ್ಟುವ ಸ್ವಭಾವ ನಿಮ್ಮದಾದರೆ ಇದಕ್ಕಿಂತ ಸೊಗಸಾದ ಕ್ಲಾಸ್ ಇಲ್ಲ.

ಪಾತ್ರ ಬದುಕಿದ್ದರೆ ಮಲ್ಟಿಕ್ಲಾಸ್ ದಾರಿಯೂ ಇದೆ. ವಿರಾಟನ ಅರಮನೆಯಲ್ಲಿ ಬೃಹನ್ನಳೆಯಾಗಿ ನಾಟ್ಯ ಕಲಿಸುತ್ತಿದ್ದಾಗಲೂ ಅರ್ಜುನನ ಬಿಲ್ವಿದ್ಯೆ ಎಲ್ಲೂ ಹೋಗಿರಲಿಲ್ಲ. ಇಲ್ಲಿಯೂ ಹಳೆಯದು ಉಳಿದೇ ಹೊಸದು ಸೇರುತ್ತದೆ. ಷರತ್ತು ಮಾತ್ರ ಕಟ್ಟುನಿಟ್ಟು: ಹಳೆಯ ಕ್ಲಾಸ್, ಹೊಸ ಕ್ಲಾಸ್ ಎರಡಕ್ಕೂ ಮುಖ್ಯವಾದ ಎಬಿಲಿಟಿಗಳಲ್ಲಿ ಕನಿಷ್ಠ 13 ಇರಬೇಕು. 15, 14, 13, 12, 10, 8 ಎಂಬ ಸಿದ್ಧ ಅಂಕಗಳನ್ನು ಹಂಚಿಕೊಳ್ಳುವಾಗ ಎಷ್ಟೋ ಫೈಟರ್‌ಗಳು 8ನ್ನು ಇಂಟೆಲಿಜೆನ್ಸ್‌ಗೆ ತಳ್ಳಿರುತ್ತಾರೆ. ಅಂಥವರಿಗೆ ವಿಝರ್ಡ್ ಬಾಗಿಲು ಮುಚ್ಚಿದಂತೆಯೇ. ಪ್ಯಾಲಡಿನ್ ಆಗಲು ಸ್ಟ್ರೆಂತ್, ಕರಿಸ್ಮಾ ಎರಡರಲ್ಲೂ 13 ಬೇಕು. ಇನ್ನೊಂದು ನಷ್ಟ ತಕ್ಷಣ ಕಾಣುವುದಿಲ್ಲ. ನಾಲ್ಕು ಲೆವೆಲ್ ಮುಗಿಸಿದ ಫೈಟರ್ ಐದನೆಯದನ್ನು ಬೇರೆ ಕ್ಲಾಸ್‌ಗೆ ಕೊಟ್ಟರೆ ಎರಡನೇ ಏಟು ಮುಂದಕ್ಕೆ ಹೋಗುತ್ತದೆ. ಐದು ಮುಗಿಸಿಯೇ ಕವಲೊಡೆಯಿರಿ ಎಂಬುದು ನನ್ನ ಸಲಹೆ.

ಈಗ ಪಾರ್ಟಿಯತ್ತ ನೋಡಿ. ಗಾಯ ವಾಸಿ ಮಾಡಲು ಕ್ಲೆರಿಕ್ಕೇ ಬೇಕೆಂದಿಲ್ಲ. ಬಾರ್ಡ್, ಡ್ರೂಯಿಡ್, ಪ್ಯಾಲಡಿನ್, ರೇಂಜರ್‌ಗಳಿಗೂ ಅದು ಬರುತ್ತದೆ. ಸತ್ತವರನ್ನು ಎಬ್ಬಿಸುವ ರಿವಿವಿಫೈ ಕ್ಲೆರಿಕ್‌ಗೆ ಐದನೇ ಲೆವೆಲ್‌ನಲ್ಲೇ ಸಿಗುವುದು ನಿಜ. ಆದರೆ ಸತ್ತ ಒಂದು ನಿಮಿಷದೊಳಗೆ ಹಾಕಬೇಕು, 300 ಚಿನ್ನದ ನಾಣ್ಯ ಬೆಲೆಯ ವಜ್ರ ಕೈಯಲ್ಲಿರಬೇಕು. ವಜ್ರ ಕೊಳ್ಳದ ಪಾರ್ಟಿಗೆ ಆ ಸ್ಪೆಲ್ ಇದ್ದೂ ಇಲ್ಲದ ಹಾಗೆ.

ಇಬ್ಬರು ಈಗಾಗಲೇ ಸ್ಪೆಲ್ ಹಾಕುವವರಿದ್ದರೆ ಮೂರನೆಯವರಾಗುವ ಮುನ್ನ ಹೊತ್ತನ್ನೂ ಲೆಕ್ಕ ಹಾಕಿ. ಆರ್‌.ಟಿ. ನಗರದಿಂದ ಹೆಬ್ಬಾಳ ದಾಟಿ ಬರುವವರಿಗೆ ಕಾದು ಆಟ ಶುರುವಾಗುವ ಹೊತ್ತಿಗೆ ಅರ್ಧ ಮಧ್ಯಾಹ್ನ ಕಳೆದಿರುತ್ತದೆ. ಸರದಿಗಳು ಉದ್ದವಾದಷ್ಟೂ ಕತೆ ಗಿಡ್ಡವಾಗುತ್ತದೆ.

ಪುಸ್ತಕ ಕೊಳ್ಳಲು ಅವಸರ ಬೇಡ. ಆಟದ ಮೂಲ ನಿಯಮಗಳಿರುವ ‘ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್’ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತ. 12 ಕ್ಲಾಸ್‌ಗಳೂ ಅದರಲ್ಲಿವೆ, ಪ್ರತಿಯೊಂದಕ್ಕೂ ಒಂದು ಸಬ್‌ಕ್ಲಾಸ್ ಸಹಿತ. ಆದರೆ 2014ರ ನಿಯಮವೋ 2024ರದ್ದೋ ಎಂದು ಡಿಎಂ ಬಳಿ ಕೇಳಿಕೊಂಡೇ ಓದಿ. 2024ರಲ್ಲಿ ಎಲ್ಲ ಕ್ಲಾಸ್‌ಗಳಿಗೂ ಸಬ್‌ಕ್ಲಾಸ್ ಬರುವುದು ಮೂರನೇ ಲೆವೆಲ್‌ನಲ್ಲಿ. 2014ರಲ್ಲಿ ಕ್ಲೆರಿಕ್, ಸೋರ್ಸರರ್, ವಾರ್‌ಲಾಕ್‌ಗಳಿಗೆ ಮೊದಲನೆಯದರಲ್ಲೇ ಬರುತ್ತಿತ್ತು.

ಮನಸ್ಸಿಗೆ ಬಂದ ಎರಡು ಕ್ಲಾಸ್‌ಗಳ ಶೀಟ್ ತುಂಬಿ, ಗೆಳೆಯರೊಬ್ಬರನ್ನು ಕೂರಿಸಿಕೊಂಡು ಒಂದೊಂದರಲ್ಲೂ ಸಣ್ಣ ಕಾಳಗ ಆಡಿ ನೋಡಿ. ಮುಂದಿನ ಸರದಿ ಯಾವಾಗ ಬರುತ್ತದೋ ಎಂದು ಯಾವುದರಲ್ಲಿ ಕಾದಿರೋ ಅದನ್ನೇ ತೆಗೆದುಕೊಳ್ಳಿ. ಸ್ಪೆಲ್ ಇರುವ ಕ್ಲಾಸ್ ಆದರೆ ಆ ಪುಟಗಳ ಜೆರಾಕ್ಸ್ ಮಾಡಿಸಿ ಶೀಟ್‌ಗೆ ಪಿನ್ ಹಾಕಿ. ಹೊಸ ಪಾತ್ರ ಯಾವ ಲೆವೆಲ್‌ನಿಂದ ಶುರು, ಸತ್ತವನ ಸಾಮಾನು ಯಾರಿಗೆ, ಹೊಸಬ ಕತೆಯೊಳಗೆ ಬರುವುದು ಎಲ್ಲಿಂದ ಎಂಬ ಮೂರು ವಿಷಯ ಶನಿವಾರದೊಳಗೆ ಡಿಎಂ ಜೊತೆ ಮಾತಾಡಿ ಮುಗಿಸಿ.